ಅಂಬಾಸಿಡರ್‌ಗೆ ಹೊಸ ಎಂಜಿನ್ ಬೇಡ, ಹಿಂದಿನ ಕ್ರೌನ್-ಪಿನಿಯನ್ ಬದಲಿಸಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಹಳೇ ಕಾರುಗಳ ಬಗ್ಗೆ ಬಂದ ಲೇಖನ ಓದಿದೆ. ಫೋಟೊಗಳು ಚೆನ್ನಾಗಿದ್ದವು. ಆದರೆ ಕೊನೆಯಲ್ಲಿ ಕೊಟ್ಟ ಸಲಹೆಗೆ ನನ್ನ ತಕರಾರಿದೆ. ಅಂಬಾಸಿಡರ್, ಫಿಯೆಟ್ ಇಟ್ಟುಕೊಂಡವರು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಗೆ ಇಳಿಯಬೇಕಾದರೆ ಹೊಸ ಕಾಲದ ಎಂಜಿನ್ ಕೂರಿಸಿಕೊಳ್ಳುವುದೇ ದಾರಿಯಂತೆ. ಹಿಂದಿನ ಆಕ್ಸಲ್ ಕೆಲಸವಂತೂ ಮನೆಯಲ್ಲಿ ಮಾಡುವಂಥದ್ದೇ ಅಲ್ಲವಂತೆ. ಎರಡೂ ಮಾತು ಸರಿಯಿಲ್ಲ. ಇದನ್ನು ನಂಬಿ ಯಾರಾದರೂ ಒಳ್ಳೇ ಎಂಜಿನ್ ಬಿಚ್ಚಿ ಗುಜರಿಗೆ ಹಾಕಿಬಿಟ್ಟಾರು ಅಂತ ಈ ಪತ್ರ ಬರೆಯುತ್ತಿದ್ದೇನೆ.

ನಾನು ಮಂಡ್ಯದವನು. ಮನೆಯಲ್ಲಿ ಮಾರ್ಕ್ 2 ಅಂಬಾಸಿಡರ್ ಇದೆ. 1489 ಸಿಸಿ ಪೆಟ್ರೋಲ್, ಕಾರಿನ ಜೊತೆಗೇ ಬಂದ ಎಂಜಿನ್. ಅದರ ಹಿಂದಿನ ಗೇರು, ಅಂದರೆ ಹಿಂದಿನ ಆಕ್ಸಲ್ ಒಳಗಿರೋ ಕ್ರೌನ್-ಪಿನಿಯನ್ ಜೋಡಿ, ಬದಲಿಸಿದ್ದು ಮನೆ ಮುಂದಿನ ಶೆಡ್ಡಿನಲ್ಲೇ. ನಾನೇನೂ ಮೆಕ್ಯಾನಿಕ್ ಅಲ್ಲ. ಸ್ಪ್ಯಾನರ್ ಹಿಡಿಯಲು ಬರುತ್ತೆ, ಮ್ಯಾನ್ಯುಯಲ್ ಓದಲು ಬರುತ್ತೆ, ಅವಸರ ಕಡಿಮೆ. ಇಷ್ಟಿದ್ದರೆ ಸಾಕು.

ತೊಂದರೆ ಎಲ್ಲಿಂದ ಶುರುವಾಯಿತು ಅಂದರೆ ರಸ್ತೆಯಿಂದ. 2023ರ ಮಾರ್ಚ್ 12ರಂದು ಈ 118 ಕಿ.ಮೀ. ರಸ್ತೆ ಉದ್ಘಾಟನೆ ಆಯಿತು. ಅದೇ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳನ್ನು ಅಲ್ಲಿಂದ ಹೊರಗಿಟ್ಟರು. ಹಳೇ ಕಾರಿಗೆ ನಿರ್ಬಂಧವೇನೂ ಇಲ್ಲ. ಮೊದಲಾದರೆ ಮದ್ದೂರಿನಲ್ಲಿ ನಿಲ್ಲು, ಚನ್ನಪಟ್ಟಣದಲ್ಲಿ ನಿಲ್ಲು, ಕಬ್ಬಿನ ಗಾಡಿ ಹಿಂದೆ ಸೆಕೆಂಡ್ ಗೇರಿನಲ್ಲಿ ತೆವಳು, ಹೀಗೆ ಎಂಜಿನ್‌ಗೆ ದಾರಿಯುದ್ದಕ್ಕೂ ಬಿಡುವು ಸಿಗುತ್ತಿತ್ತು. ಈಗ ಮಂಡ್ಯ ಬಿಟ್ಟರೆ ಟೋಲ್ ಬರುವವರೆಗೂ ಒಂದೇ ಸಮ ಓಡಬೇಕು. 80ರಲ್ಲಿ ಇಟ್ಟುಕೊಂಡರೆ ಟಾಪ್ ಗೇರಿನಲ್ಲೂ ಎಂಜಿನ್ ಅರಚುತ್ತಲೇ ಇರುತ್ತೆ. ಪಕ್ಕದಲ್ಲಿ ಕೂತವರ ಜೊತೆ ಮಾತಾಡಬೇಕಾದರೆ ಕಿರುಚಬೇಕು.

ಎಂಜಿನ್ ಕೆಟ್ಟಿದೆ ಅಂತಲ್ಲ. ಅಂಬಾಸಿಡರ್ ಅಂದರೆ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ತಯಾರಾಯಿತು. ಐವತ್ತರ ದಶಕದ ರಸ್ತೆಗೆ, ಮನೆಮಂದಿಯೆಲ್ಲ ಲಗೇಜ್ ಸಮೇತ ಕೂತು ಏರು ಹತ್ತುವುದಕ್ಕೆ ಅಂತ ಅದರ ಹಿಂದಿನ ಗೇರು ಹಾಕಿದ್ದರು. ಎಳೆಯುವ ಶಕ್ತಿ ಜಾಸ್ತಿ, ಓಟ ಕಡಿಮೆ. ಆಗಿನ ಲೆಕ್ಕಕ್ಕೆ ಅದು ಸರಿಯಾಗಿಯೇ ಇತ್ತು.

ಲೆಕ್ಕ ಕಷ್ಟದ್ದಲ್ಲ. ಎಂಜಿನ್ ಕಡೆಯಿಂದ ಬರುವ ಪ್ರೊಪೆಲ್ಲರ್ ಶಾಫ್ಟ್‌ನ ತುದಿಗೆ ಪಿನಿಯನ್ ಅನ್ನೋ ಚಿಕ್ಕ ಹಲ್ಲುಗಾಲಿ ಇರುತ್ತೆ. ಅದು ಕ್ರೌನ್ ಅನ್ನೋ ದೊಡ್ಡ ಗಾಲಿಯನ್ನು ತಿರುಗಿಸುತ್ತೆ. ನನ್ನ ಕಾರಿನಲ್ಲಿದ್ದ ಪಿನಿಯನ್‌ಗೆ 9 ಹಲ್ಲು, ಕ್ರೌನ್‌ಗೆ 41. ಭಾಗಿಸಿದರೆ 4.55. ಅಂದರೆ ಚಕ್ರ ಒಂದು ಸುತ್ತು ಸುತ್ತಬೇಕಾದರೆ ಶಾಫ್ಟ್ ನಾಲ್ಕೂವರೆಗಿಂತ ಸ್ವಲ್ಪ ಜಾಸ್ತಿ ಸುತ್ತಬೇಕು. ಈಗ ಹಾಕಿರುವುದು 10 ಮತ್ತು 43, ಅಂದರೆ 4.3. 15 ಇಂಚಿನ ಟೈರಿನಲ್ಲಿ 80 ಕಿ.ಮೀ. ವೇಗಕ್ಕೆ ಮೊದಲು ನಿಮಿಷಕ್ಕೆ ಸುಮಾರು 3,000 ಸುತ್ತು ಬೇಕಿತ್ತು. ಈಗ 2,800ರ ಆಸುಪಾಸು ಸಾಕು.

ಇಷ್ಟೇನಾ ಅಂತೀರಿ ಅಲ್ವಾ? ಹೌದು, ಇಷ್ಟೇ. ನೂರಕ್ಕೆ ಐದೂವರೆ ಭಾಗದಷ್ಟು. ಗೇರು ಬದಲಿಸಿದರೆ ಕಾರು ಹಾರುತ್ತೆ ಅಂದುಕೊಂಡವರು ದಯವಿಟ್ಟು ಮಾಡಬೇಡಿ. ಆದರೆ ಆ ಇನ್ನೂರು ಸುತ್ತಿನಲ್ಲೇ ಅರಚಾಟ ಹೋಗಿ ಗುಂಯ್ ಅನ್ನೋ ಒಂದೇ ಸದ್ದು ಉಳಿಯುತ್ತೆ. ರಾಮನಗರ ದಾಟುವ ಹೊತ್ತಿಗೆ ತಲೆ ಸಿಡಿಯುವುದಿಲ್ಲ. ನನಗೆ ಬೇಕಿದ್ದದ್ದೂ ಅಷ್ಟೇ.

ಇದಕ್ಕೂ ಮೊದಲು ಟೈರ್ ನೋಡಿಕೊಳ್ಳಿ. ಎಷ್ಟೋ ಜನ ಅಗ್ಗಕ್ಕೆ ಸಿಕ್ಕಿತು ಅಂತ ಸುತ್ತಳತೆ ಕಡಿಮೆ ಇರೋ ರೇಡಿಯಲ್ ಹಾಕಿಸಿಕೊಂಡಿರುತ್ತಾರೆ. ಚಕ್ರ ಚಿಕ್ಕದಾದರೆ ಎಂಜಿನ್ ಜಾಸ್ತಿ ಸುತ್ತಲೇಬೇಕು. ಅಂಥವರು ಸರಿಯಾದ ಅಳತೆಯ ಟೈರ್ ಹಾಕಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯಬಹುದು.

ಈಗ ಹೊಸ ಎಂಜಿನ್ ವಿಷಯಕ್ಕೆ ಬರೋಣ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. ಎಂಜಿನ್ ನಂಬರ್, ಯಾವ ಇಂಧನ ಅನ್ನೋದು ಆರ್‌ಸಿಯಲ್ಲೇ ಇದೆ. 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ನೋಂದಣಿ ನಿಯಮ ತಂದಿತು. ಅದರಲ್ಲೂ ಚಾಸಿ, ಬಾಡಿ, ಎಂಜಿನ್ ಮೂಲದಲ್ಲಿ ಇದ್ದ ಹಾಗೇ ಇರಬೇಕು ಅಂತಿದೆ. ಎಂಜಿನ್ ಬದಲಿಸಿದಿರೋ, ಆ ಬಾಗಿಲು ಮುಚ್ಚಿತು. ಹಿಂದಿನ ಆಕ್ಸಲ್‌ನಲ್ಲಿ ಎಷ್ಟು ಹಲ್ಲಿದೆ ಅಂತ ಆರ್‌ಸಿಯಲ್ಲಿ ಬರೆದಿರುವುದಿಲ್ಲ.

ತಮಾಷೆ ಏನು ಗೊತ್ತಾ? ಬೇರೆ ಎಂಜಿನ್ ಕೂರಿಸಿದರೂ ಆಕ್ಸಲ್ ತಲೆನೋವು ತಪ್ಪುವುದಿಲ್ಲ. ಡೀಸೆಲ್ ಎಂಜಿನ್ ನಿಧಾನಕ್ಕೆ ಸುತ್ತಿ ಎಳೆಯುವಂಥದ್ದು. ಅದರ ಹಿಂದೆ 9/41 ಬಿಟ್ಟರೆ ಪೆಟ್ರೋಲಿಗಿಂತಲೂ ಜೋರಾಗಿ ಅರಚುತ್ತೆ. ಮೌಂಟಿಂಗ್, ರೇಡಿಯೇಟರ್, ಗೇರ್‌ಬಾಕ್ಸ್, ಶಾಫ್ಟ್‌ನ ಉದ್ದ ಎಲ್ಲಕ್ಕೂ ದುಡ್ಡು ಸುರಿದು ಕಡೆಗೆ ಮತ್ತೆ ಹಿಂದಿನ ಹಲ್ಲಿಗೇ ಬರಬೇಕು.

ಇನ್ನು ಮನೆಯಲ್ಲಿ ಮಾಡುವ ಕೆಲಸ. ಇದರಲ್ಲಿ ಎರಡು ಬಗೆ ಇದೆ. ಲೇಖಕರು ಎರಡನ್ನೂ ಸೇರಿಸಿ ಒಂದೇ ಮಾತಿನಲ್ಲಿ ಆಗಲ್ಲ ಅಂದಿದ್ದಾರೆ. ಒಂದು, ಈ ಗೇರುಗಳನ್ನು ಹೊತ್ತಿರುವ ಗೂಡು, ಅಂದರೆ ಕ್ಯಾರಿಯರನ್ನು ಪೂರ್ತಿಯಾಗಿ ಬದಲಿಸುವುದು. ಇನ್ನೊಂದು, ಬರೀ ಕ್ರೌನ್-ಪಿನಿಯನ್ ತಂದು ನಮ್ಮ ಹಳೇ ಕ್ಯಾರಿಯರ್‌ಗೆ ಕೂರಿಸುವುದು. ಮೊದಲನೆಯದು ಮನೆ ಕೆಲಸ. ಎರಡನೆಯದು ಅಳತೆ ಸಾಮಾನು ಇದ್ದವರ ಕೆಲಸ.

ಅಂಬಾಸಿಡರ್‌ನ ಆಕ್ಸಲ್ ಹೌಸಿಂಗ್ ಮಧ್ಯದಲ್ಲಿ ಉಬ್ಬಿಕೊಂಡಿರುತ್ತಲ್ಲ, ಅದಕ್ಕೆ ಬ್ಯಾಂಜೊ ಹೌಸಿಂಗ್ ಅಂತಾರೆ. ಕ್ರೌನ್, ಪಿನಿಯನ್, ಬೇರಿಂಗ್, ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಎಲ್ಲ ಒಂದೇ ಕ್ಯಾರಿಯರ್ ಒಳಗೆ ಸೆಟ್ ಆಗಿ ಕೂತಿರುತ್ತೆ. ಆ ಕ್ಯಾರಿಯರ್ ನಟ್ ಬಿಚ್ಚಿದರೆ ಮುಂಭಾಗದಿಂದ ಇಡಿಯಾಗಿ ಈಚೆಗೆ ಬರುತ್ತೆ. ಬೇರೊಂದು ಕಾರಿನ ಚೆನ್ನಾಗಿರೋ ಕ್ಯಾರಿಯರ್ ಸಿಕ್ಕರೆ ಒಳಗಿನ ಸೆಟ್ಟಿಂಗ್‌ಗೆ ಕೈ ಹಾಕದೆ ಹಾಗೇ ಏರಿಸಬಹುದು. ಜೀಪಿನ ಕಥೆ ಬೇರೆ. ಅದರಲ್ಲಿ ಗೇರುಗಳು ಹೌಸಿಂಗ್‌ನಲ್ಲೇ ಕೂತಿರೋದರಿಂದ ಎಲ್ಲ ಸೆಟ್ಟಿಂಗ್ ಅಲ್ಲೇ ಮಾಡಬೇಕು. ಜೀಪ್ ಇರುವವರು ನನ್ನ ಮಾತು ಕೇಳಿ ಕೈ ಸುಟ್ಟುಕೊಳ್ಳಬೇಡಿ.

ಮೊದಲು ನಿಮ್ಮ ಗಾಡಿಯಲ್ಲಿ ಏನಿದೆ ಅಂತ ನೋಡಿಕೊಳ್ಳಿ. ಅದಕ್ಕೆ ಏನೂ ಬಿಚ್ಚಬೇಕಿಲ್ಲ. ಉಳಿದ ಚಕ್ರಗಳಿಗೆ ಗಟ್ಟಿಯಾಗಿ ಕಲ್ಲು ಕೊಡಿ, ಹ್ಯಾಂಡ್‌ಬ್ರೇಕ್ ಬಿಡಿ, ಗೇರ್ ನ್ಯೂಟ್ರಲ್ ಮಾಡಿ, ಹಿಂದಿನ ಒಂದೇ ಚಕ್ರ ಎತ್ತಿ ಸ್ಟ್ಯಾಂಡ್ ಇಡಿ. ಶಾಫ್ಟ್ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟು. ಎತ್ತಿದ ಚಕ್ರವನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ, ಶಾಫ್ಟ್ ಎಷ್ಟು ಸುತ್ತಿತು ಅಂತ ಪಕ್ಕದಿಂದ ಒಬ್ಬರು ಎಣಿಸಲಿ. ನಾಲ್ಕೂವರೆ ದಾಟಿದರೆ 9/41. ನಾಲ್ಕೂಕಾಲು ದಾಟಿ ನಿಂತರೆ 10/43. ಎರಡು ಸುತ್ತು ಯಾಕೆ ಅಂದರೆ, ಇನ್ನೊಂದು ಚಕ್ರ ನೆಲದಲ್ಲಿ ನಿಂತಿರುವಾಗ ಡಿಫರೆನ್ಷಿಯಲ್‌ನಿಂದಾಗಿ ಕ್ರೌನ್ ಅರ್ಧದಷ್ಟೇ ತಿರುಗುತ್ತೆ.

ಗುಜರಿಯಲ್ಲಿ ಕ್ಯಾರಿಯರ್ ನೋಡುವಾಗಲೂ ಇದೇ ಉಪಾಯ. ಕ್ರೌನ್ ಒಂದು ಸುತ್ತು ಬರುವಷ್ಟರಲ್ಲಿ ಫ್ಲೇಂಜ್, ಅಂದರೆ ಪ್ರೊಪೆಲ್ಲರ್ ಶಾಫ್ಟ್ ಬೋಲ್ಟ್ ಆಗುವ ಪಿನಿಯನ್ ತುದಿಯ ತಟ್ಟೆ, ಎಷ್ಟು ಸುತ್ತಿತು ನೋಡಿ. ಬೆಂಗಳೂರಿನ ಶಿವಾಜಿನಗರ, ಜೆ.ಸಿ. ರಸ್ತೆ ಕಡೆ ವಿಚಾರಿಸಿದರೆ ಅಂಬಾಸಿಡರ್ ಸಾಮಾನು ಈಗಲೂ ಸಿಗುತ್ತೆ. ಅವರು ಬಾಯಲ್ಲಿ ಹೇಳಿದ್ದನ್ನು ನಂಬಬೇಡಿ, ಅವರ ಎದುರಿಗೇ ಎಣಿಸಿ. ಹಲ್ಲಿನ ಮೇಲೆ ಬೆರಳಾಡಿಸಿ. ಚಿಕ್ಕ ಗುಳಿ, ಒಡೆದ ಅಂಚು, ನೀಲಿಗಟ್ಟಿದ ಬಣ್ಣ ಇದ್ದರೆ ಬಿಟ್ಟು ಬನ್ನಿ. ಫ್ಲೇಂಜ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಅಲ್ಲಾಡಿದರೆ ಬೇರಿಂಗ್ ಹೋಗಿದೆ ಅಂತ ಅರ್ಥ. ಮೂಲೆಯಲ್ಲಿ ಎಣ್ಣೆ ಜೊತೆ ಮೆತ್ತಿಕೊಂಡ ಮರದ ಪುಡಿ ಕಂಡರಂತೂ ತಿರುಗಿ ನೋಡಬೇಡಿ. ಸದ್ದು ಮುಚ್ಚೋಕೆ ಆಕ್ಸಲ್‌ಗೆ ಗರಗಸದ ಪುಡಿ ತುಂಬಿ ಕಾರು ಮಾರುವುದು ಬಹಳ ಹಳೇ ಕಸುಬು.

ಕ್ಯಾರಿಯರ್ ಬಿಚ್ಚುವ ಕೆಲಸದಲ್ಲಿ ಬುದ್ಧಿಗಿಂತ ಮೈಕೈ ನೋವು ಜಾಸ್ತಿ. ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಹಿಂದೆ ಎರಡೂ ಕಡೆ ಸ್ಟ್ಯಾಂಡ್ ಇಡಿ. ಜಾಕ್ ಒಂದನ್ನೇ ನಂಬಿ ಯಾರೂ ಕೆಳಗೆ ಹೋಗಬೇಡಿ. ಇಟ್ಟಿಗೆ, ಹಾಲೋಬ್ಲಾಕ್ ಬೇಡವೇ ಬೇಡ, ಅವು ಹೇಳದೆ ಕೇಳದೆ ಪುಡಿಯಾಗುತ್ತವೆ. ಎಣ್ಣೆ ಇಳಿಸುವ ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿಕೊಳ್ಳುತ್ತಾ ನೋಡಿ. ಎಣ್ಣೆ ಇಳಿಸಿದ ಮೇಲೆ ತುಂಬೋ ಪ್ಲಗ್ ಜಾಮ್ ಆಗಿರೋದು ಗೊತ್ತಾದರೆ ಆಮೇಲೆ ಪಜೀತಿ. ಪ್ರೊಪೆಲ್ಲರ್ ಶಾಫ್ಟ್‌ನ ಎರಡು ಫ್ಲೇಂಜಿಗೂ ಸೇರಿಸಿ ಪಂಚ್ ಗುರುತು ಹಾಕಿ ಬೋಲ್ಟ್ ತೆಗೆಯಿರಿ. ಡ್ರಮ್ ಕಳಚಿ, ಆಕ್ಸಲ್ ಶಾಫ್ಟ್ ಹಿಡಿದಿರುವ ಸ್ಕ್ರೂ ಬಿಚ್ಚಿ, ಎರಡೂ ಕಡೆ ಶಾಫ್ಟನ್ನು ಈಚೆಗೆ ಎಳೆಯಿರಿ. ಅರ್ಧ ಶತಮಾನದಿಂದ ಅಲ್ಲೇ ಕೂತ ಸ್ಕ್ರೂ ಸುಮ್ನೆ ಬರಲ್ಲ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸೋ ಎಣ್ಣೆ ಬಿಟ್ಟಿರಿ, ಇಂಪ್ಯಾಕ್ಟ್ ಡ್ರೈವರ್‌ನಲ್ಲಿ ಹೊಡೆಯಿರಿ. ಕ್ಯಾರಿಯರ್ ಮಾತ್ರ ಒಬ್ಬರೇ ಮಲಗಿಕೊಂಡು ಎದೆ ಮೇಲೆ ಇಳಿಸಿಕೊಳ್ಳುವ ತೂಕದ್ದಲ್ಲ. ಕೆಳಗೆ ಟ್ರಾಲಿ ಜಾಕ್ ಕೊಡಿ, ಜೊತೆಗೊಬ್ಬರು ಇರಲಿ.

ಏರಿಸುವಾಗ ಹೌಸಿಂಗ್ ಒಳಗನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಹೊಸ ಗ್ಯಾಸ್ಕೆಟ್, ಪಿನಿಯನ್‌ಗೆ ಹೊಸ ಸೀಲ್, ಎರಡೂ ಹಬ್‌ಗೆ ಹೊಸ ಸೀಲ್ ಹಾಕಿ. ಹಬ್ ಸೀಲಿನಲ್ಲಿ ದುಡ್ಡು ಉಳಿಸಬೇಡಿ. ಅಲ್ಲಿ ಸೋರಿದ ಎಣ್ಣೆ ನೇರ ಬ್ರೇಕ್ ಶೂ ಮೇಲೆ ಬೀಳುತ್ತೆ. ಎಣ್ಣೆ ಅಂದರೆ ಇಪಿ 90 ಗೇರ್ ಆಯಿಲ್, ಡಬ್ಬಿಯ ಮೇಲೆ ಹೈಪಾಯ್ಡ್ ಅಂತ ಇರಬೇಕು. ಈ ಆಕ್ಸಲ್‌ನಲ್ಲಿ ಪಿನಿಯನ್ ಕ್ರೌನ್‌ನ ನಡುಮಧ್ಯಕ್ಕೆ ಸೇರದೆ ಕೆಳಗೆ ಸೇರಿರುತ್ತೆ. ಅದರಿಂದ ಹಲ್ಲುಗಳು ಉರುಳುವುದರ ಜೊತೆಗೆ ಜೋರಾಗಿ ಉಜ್ಜಿಕೊಂಡೂ ಹೋಗುತ್ತವೆ. ಎಂಜಿನ್ ಆಯಿಲ್ ಆ ಒತ್ತಡ ತಡೆಯಲ್ಲ. ಮೊದಲು ಹದಿನೈದಿಪ್ಪತ್ತು ಕಿ.ಮೀ. ಮೆಲ್ಲಗೆ ಓಡಿಸಿ, ನಿಲ್ಲಿಸಿ, ಪೂರ್ತಿ ತಣ್ಣಗಾಗಲು ಬಿಡಿ. ಕೆಲವು ನೂರು ಕಿ.ಮೀ. ಆದ ಮೇಲೆ ಎಣ್ಣೆ ಬದಲಿಸಿ, ಹಳೇ ಎಣ್ಣೆಯಲ್ಲಿ ಅಯಸ್ಕಾಂತ ಆಡಿಸಿ ನೋಡಿ. ಬೂದಿಯಂಥ ಮೆತ್ತನೆ ಪುಡಿ ಬಂದರೆ ಭಯವಿಲ್ಲ. ಚೂರು ಬಂದರೆ ಮತ್ತೆ ಬಿಚ್ಚಬೇಕು. ಇಳಿಸಿದ ಎಣ್ಣೆಯನ್ನು ಚರಂಡಿಗೆ ಸುರಿಯಬೇಡಿ, ನಮ್ಮೂರಲ್ಲಿ ಚರಂಡಿ ನೀರು ಕಡೆಗೆ ಯಾರದೋ ಗದ್ದೆಗೇ ಹೋಗೋದು. ಕ್ಯಾನಿಗೆ ತುಂಬಿಸಿ, ಹಳೇ ಆಯಿಲ್ ಕೊಳ್ಳುವವರಿಗೆ ಕೊಡಿ.

ಎರಡನೇ ಬಗೆ, ಅಂದರೆ ಬಿಡಿ ಕ್ರೌನ್-ಪಿನಿಯನ್ ಕೂರಿಸುವುದು ಯಾಕೆ ಕಷ್ಟ ಅಂತಲೂ ಹೇಳುತ್ತೇನೆ. ಬೀಸುವ ಕಲ್ಲಿನ ಮೇಲಿನ ಹೋಳು, ಕೆಳಗಿನ ಹೋಳು ಒಂದಕ್ಕೊಂದು ಉಜ್ಜಿ ಹೊಂದಿಕೊಂಡಿರುವ ಹಾಗೆ ಈ ಎರಡು ಗೇರನ್ನೂ ಕಾರ್ಖಾನೆಯಲ್ಲಿ ಜೋಡಿಯಾಗಿಯೇ ಉಜ್ಜಿರುತ್ತಾರೆ. ಎರಡರ ಮೇಲೂ ಒಂದೇ ನಂಬರ್ ಕೊರೆದಿರುತ್ತೆ. ಒಂದು ಕಾರಿನ ಕ್ರೌನ್, ಇನ್ನೊಂದರ ಪಿನಿಯನ್ ಸೇರಿಸಿದರೆ ಹಲ್ಲಿನ ಲೆಕ್ಕ ಸರಿ ಇದ್ದರೂ ಊಳಿಡುತ್ತೆ. ಪಿನಿಯನ್ ತಲೆಯ ಮೇಲೆ ಪ್ಲಸ್ಸೋ ಮೈನಸ್ಸೋ ಒಂದು ಅಂಕಿ ಇರುತ್ತೆ, ಅದು ಇಂಚಿನ ಸಾವಿರದ ಭಾಗದ ಲೆಕ್ಕ. ಅದನ್ನು ನೋಡಿಕೊಂಡು ಪಿನಿಯನ್ ಹಿಂದಿನ ವಾಷರ್‌ನ ದಪ್ಪ ಆರಿಸಬೇಕು. ಎರಡು ಹಲ್ಲಿನ ನಡುವೆ ಎಷ್ಟು ಪ್ಲೇ (ಸಡಿಲ) ಬೇಕು ಅಂತ ಕ್ರೌನ್‌ನ ಬೆನ್ನ ಮೇಲೆ ಕೊರೆದಿರುತ್ತೆ. ಅದನ್ನು ಅಳೆಯೋಕೆ ಕೂದಲೆಳೆಯಷ್ಟು ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಬೇಕೇ ಬೇಕು. ಬೇರಿಂಗ್ ಮೇಲಿನ ಬಿಗಿ ನೋಡೋಕೆ ಮಾತ್ರ ಸುಲಭದ ದಾರಿ ಇದೆ. ಫ್ಲೇಂಜಿಗೆ ದಾರ ಸುತ್ತಿ, ತುದಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ನಿಧಾನಕ್ಕೆ ಎಳೆಯಿರಿ. ತಿರುಗುತ್ತಿರುವಾಗ ಮುಳ್ಳು ಎಲ್ಲಿ ನಿಲ್ಲುತ್ತೋ ಅದನ್ನು ಫ್ಲೇಂಜಿನ ಅರೆವ್ಯಾಸದಿಂದ ಗುಣಿಸಿದರೆ ಮ್ಯಾನ್ಯುಯಲ್‌ನಲ್ಲಿರೋ ಅಂಕಿಗೆ ಹೋಲಿಸಬಹುದು.

ಇಷ್ಟಾದ ಮೇಲೆ ಬಣ್ಣದ ಪರೀಕ್ಷೆ. ಕ್ರೌನ್‌ನ ಕೆಲವು ಹಲ್ಲಿಗೆ ಎಂಜಿನಿಯರ್ಸ್ ಬ್ಲೂ ಅನ್ನೋ ನೀಲಿ ಬಣ್ಣ ತೆಳ್ಳಗೆ ಸವರಿ, ಕ್ರೌನ್‌ಗೆ ಮರದ ತುಂಡು ಒತ್ತಿ ಹಿಡಿದು ಪಿನಿಯನ್ ತಿರುಗಿಸಬೇಕು. ಹಲ್ಲಿನ ಮೇಲೆ ಒಂದು ಉದ್ದನೆ ಗುರುತು ಮೂಡುತ್ತೆ. ಅದು ಹಲ್ಲಿನ ಮಧ್ಯದಲ್ಲಿ, ಚೂರು ಒಳತುದಿ ಕಡೆಗೆ ಇದ್ದರೆ ಗೆದ್ದಿರಿ. ಹಲ್ಲಿನ ತಲೆಯ ಮೇಲೆ ಬಿದ್ದರೆ ಪಿನಿಯನ್ ಕ್ರೌನ್‌ಗೆ ಇನ್ನೂ ಹತ್ತಿರ ಹೋಗಬೇಕು. ಬುಡದಲ್ಲಿ ಬಿದ್ದರೆ ದೂರ ಬರಬೇಕು. ಪೂರ್ತಿ ಒಳತುದಿಗೇ ಸರಿದಿದ್ದರೆ ಕ್ರೌನನ್ನು ಪಿನಿಯನ್‌ನಿಂದ ದೂರ ಸರಿಸಬೇಕು, ಹೊರತುದಿಗೆ ಬಿದ್ದರೆ ಹತ್ತಿರ. ವಾಷರ್ ಬದಲಿಸಿದಾಗೆಲ್ಲ ಬೇರಿಂಗ್ ಎಳೆದು ತೆಗೆಯಬೇಕು, ಮತ್ತೆ ಒತ್ತಬೇಕು, ಮತ್ತೆ ಬಣ್ಣ. ಅಂದಾಜಿನ ಮೇಲೆ ಶಿಮ್ (ತೆಳು ವಾಷರ್) ಹಾಕಿ, ಓಡ್ತಾ ಓಡ್ತಾ ಸೆಟ್ ಆಗುತ್ತೆ ಬಿಡಿ ಸಾರ್ ಅನ್ನುವವರು ಎಲ್ಲ ಊರಲ್ಲೂ ಇದ್ದಾರೆ. ಗುರುತು ತಪ್ಪಿದ ಹಲ್ಲು ಓಡ್ತಾ ಸೆಟ್ ಆಗಲ್ಲ, ಓಡ್ತಾ ಸವೆಯುತ್ತೆ. ಈ ಬಗೆಯ ಕೆಲಸಕ್ಕೆ ಲೇಖಕರ ಮಾತನ್ನು ನಾನೂ ಒಪ್ಪುತ್ತೇನೆ.

ಇನ್ನೊಂದು ಮುಖ್ಯ ವಿಷಯ, ಆಸೆಗೆ ಮಿತಿ ಇರಲಿ. ಇದೇ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕುಟುಂಬದ ಆಕ್ಸಲ್ ಇದ್ದ ಎಂಜಿಎ ಸ್ಪೋರ್ಟ್ಸ್ ಕಾರಿಗೆ 10/43 ಇತ್ತು, ಆಮೇಲೆ ಬಂದ ಎಂಜಿಬಿಗೆ 11/43 ಹಾಕಿದರು, ಅಂದರೆ 3.9. ಅದನ್ನು ಓದಿದವರು ನಮಗೂ 3.9 ಬೇಕು ಅಂತಾರೆ. ಎಂಜಿಬಿಯ ಎಂಜಿನ್ 1800 ಸಿಸಿ, ಕೂರುವವರು ಇಬ್ಬರು. ನಮ್ಮದರಲ್ಲಿ ಅಜ್ಜಿಯಿಂದ ಮೊಮ್ಮಗುವರೆಗೆ ಎಲ್ಲರೂ ಹತ್ತುತ್ತಾರೆ, ಡಿಕ್ಕಿಯಲ್ಲಿ ಅಕ್ಕಿ ಮೂಟೆ ಬೇರೆ. 4.3ರಲ್ಲಿ ಮೇಲುಕೋಟೆಯ ಏರಿಗೆ ಮೊದಲಿಗಿಂತ ಸ್ವಲ್ಪ ಬೇಗ ಗೇರು ಇಳಿಸಬೇಕಾಗುತ್ತೆ, ಚಾಮುಂಡಿ ಬೆಟ್ಟದಲ್ಲೂ ಹಾಗೇ. ಅಷ್ಟನ್ನು ಸಹಿಸಬಹುದು. 3.9 ಹಾಕಿದರೆ ಸಪಾಟು ರಸ್ತೆಯಲ್ಲೂ ಎದುರುಗಾಳಿಗೆ ಟಾಪ್ ಗೇರ್ ಸೋಲಬಹುದು, ಕ್ಲಚ್ ಮೇಲೆ ಹೊರೆ ಬೀಳುತ್ತೆ. ಊರೊಳಗೇ ಜಾಸ್ತಿ ಓಡಿಸುವವರು, ಕೊಡಗಿನ ಕಡೆ ಹೋಗುವವರು ಹಳೇ 9/41ನ್ನೇ ಇಟ್ಟುಕೊಳ್ಳಿ. ಬದಲಿಸಿದವರೂ ಹಳೇ ಕ್ಯಾರಿಯರ್ ಮಾರಬೇಡಿ.

ಸ್ಪೀಡೊಮೀಟರ್ ಬಗ್ಗೆ ಯಾರೂ ಹೇಳುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಅದರ ಕೇಬಲ್ ಗೇರ್‌ಬಾಕ್ಸ್‌ನಿಂದ ಬರುತ್ತೆ. ಹಿಂದೆ ಹಲ್ಲು ಬದಲಾಗಿದ್ದು ಅದಕ್ಕೆ ಗೊತ್ತಾಗಲ್ಲ. 4.3 ಹಾಕಿದ ಮೇಲೆ ಮುಳ್ಳು 80 ತೋರಿಸುವಾಗ ಕಾರು 85ರ ಹತ್ತಿರ ಓಡುತ್ತಿರುತ್ತೆ. 3.9 ಹಾಕಿದರೆ 93. ಎಕ್ಸ್‌ಪ್ರೆಸ್‌ವೇಯಲ್ಲಿ ಮಿತಿ 100, ಕ್ಯಾಮೆರಾ ಇದೆ. ನಮ್ಮ ಕಾರಿನ ಮುಳ್ಳಿಗೂ ಕ್ಯಾಮೆರಾಕ್ಕೂ ಹೊಂದಿಕೆ ಆಗದಿದ್ದರೆ ದಂಡ ಕಟ್ಟುವವರು ನಾವು. ಮೊಬೈಲ್ ಜಿಪಿಎಸ್ ಜೊತೆ ಒಮ್ಮೆ ಹೋಲಿಸಿ, ಡಯಲ್ ಪಕ್ಕ ಚೀಟಿ ಅಂಟಿಸಿಕೊಂಡರೂ ಆಯಿತು. ದಂಡಕ್ಕಿಂತ ದೊಡ್ಡ ಭಯ ಬ್ರೇಕಿನದು. ನಾಲ್ಕೂ ಚಕ್ರಕ್ಕೆ ಡ್ರಮ್ ಇರುವ ಗಾಡಿ ಇದು. ಗೇರು ಬದಲಿಸಿದ್ದಕ್ಕೆ ಬ್ರೇಕ್ ಚೂರೂ ಉತ್ತಮವಾಗಿಲ್ಲ. ಎಡಗಡೆ ಲೇನ್ ಹಿಡಿದು 80ರಲ್ಲಿ ಹೋಗುವವರಿಗೆ ಮಾತ್ರ ಈ ಕೆಲಸ ಹೇಳುತ್ತಿದ್ದೇನೆ.

ಕೊನೆಗೊಂದು ಮನವಿ, ಇದು ನಿಮ್ಮ ಪತ್ರಿಕೆಯ ಮೂಲಕ ಸಂಬಂಧಪಟ್ಟವರಿಗೆ. ಮೈಸೂರು, ಮಂಡ್ಯದ ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ ಮೋಟಾರ್ ಮೆಕ್ಯಾನಿಕ್ ಕಲಿಸುತ್ತಾರೆ. ಬಹುಪಾಲು ಹೊಸ ಕಾರುಗಳಿಗೆ ಎಳೆತ ಮುಂದಿನ ಚಕ್ರಕ್ಕೇ ಇರುವುದರಿಂದ ಕಾರು ಗ್ಯಾರೇಜಿನ ಹುಡುಗರಿಗೆ ಹಿಂದಿನ ಡಿಫರೆನ್ಷಿಯಲ್ ಬಿಚ್ಚುವ ಸಂದರ್ಭವೇ ಬರುವುದು ಕಡಿಮೆ. ಹಾಗಂತ ಈ ವಿದ್ಯೆ ಬೇಡವಾಗಿಲ್ಲ. ಲಾರಿ, ಟ್ರ್ಯಾಕ್ಟರ್, ಪಿಕಪ್ ಎಲ್ಲಕ್ಕೂ ಕ್ರೌನ್-ಪಿನಿಯನ್ ಇದ್ದೇ ಇದೆ, ಕಬ್ಬು ಸಾಗಿಸುವ ಜಿಲ್ಲೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭಾನುವಾರ ಒಂದು ಹೊತ್ತು ಆ ವರ್ಕ್‌ಶಾಪ್ ತೆರೆದು, ಪ್ರೆಸ್ಸು, ಡಯಲ್ ಗೇಜು, ನೋಡಿಕೊಳ್ಳಲು ಒಬ್ಬ ಇನ್‌ಸ್ಟ್ರಕ್ಟರ್ ಇಷ್ಟು ಕೊಟ್ಟರೆ ಶುಲ್ಕ ಕಟ್ಟಿ ಬಳಸುವವರು ನಮ್ಮಂಥವರು ಸಾಕಷ್ಟಿದ್ದೇವೆ. ಹುಡುಗರೂ ಪಕ್ಕ ನಿಂತು ಕಲಿಯಲಿ.

ಲೇಖನ ಬರೆದವರ ಮೇಲೆ ನನಗೆ ಸಿಟ್ಟೇನೂ ಇಲ್ಲ. ಅವರಿಗೆ ಬಿಡುವಾದಾಗ ಮಂಡ್ಯಕ್ಕೆ ಬರಲಿ, ಕಾರು ಅವರೇ ಓಡಿಸಲಿ. ಎಕ್ಸ್‌ಪ್ರೆಸ್‌ವೇಯಲ್ಲೂ ಒಂದು ಸುತ್ತು ಹೋಗೋಣ, ಮೇಲುಕೋಟೆಗೂ ಹತ್ತಿಸೋಣ. ಊಟ ನಮ್ಮ ಮನೆಯಲ್ಲೇ.

— ಅಂಬಾಸಿಡರ್ ಇಟ್ಟುಕೊಂಡಿರುವ ಓದುಗ, ಮಂಡ್ಯ